ಗೆಳತಿಯರು ಕೂಡಿ ಕೌದಿ ಹೊಲಿಯುವ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತೀಕದ ಕಡೆಯ ಸೋಮವಾರ. ಅದು ಕಳೆದ ಮೊದಲ ಭಾನುವಾರ ನಮ್ಮ ನಡುಮನೆಯ ಸೋಫಾ, ಕುರ್ಚಿ, ಟೀಪಾಯಿ ಎಲ್ಲವೂ ಮಲಗುವ ಕೋಣೆ ಸೇರುತ್ತವೆ. ಆರೇಳು ಮಂದಿ ಗೆಳತಿಯರು ನೆಲದ ಮೇಲೆ ಹಳೆಯ ಸೀರೆಗಳನ್ನು ಹಾಸಿಕೊಂಡು, ಬೆಳಗಿನ ಒಂಬತ್ತರಿಂದ ದೀಪ ಹಚ್ಚುವ ಹೊತ್ತಿನವರೆಗೆ ಒಂದೇ ಕೌದಿಯನ್ನು ಹೊಲಿಯುತ್ತೇವೆ. ಬರಬೇಕೆಂದಿರುವವರು, ತಮ್ಮ ಮನೆಯಲ್ಲೇ ಇಂಥ ದಿನ ಇಟ್ಟುಕೊಳ್ಳಬೇಕೆಂದಿರುವವರು ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಾರೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಇರಲಿ ಎಂದು ಬರೆದಿದ್ದೇನೆ.

ಕೌದಿ ಎಂದರೇನು? ನಮ್ಮ ಕಡೆ ಈ ಮಾತೇ ಇಲ್ಲವಲ್ಲ.

ಹಳೆಯ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳೂ ಹಿಡಿದು ನಿಲ್ಲುವಂತೆ ಕೈಯಿಂದ ಸಾಲು ಸಾಲಾಗಿ ಹೊಲಿದ ಹೊದಿಕೆ ಕೌದಿ. ಹಾಸಲೂ ಅದೇ, ಹೊದೆಯಲೂ ಅದೇ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಟ್ಟಿಲಲ್ಲಿ ಮಲಗಿದ ದಿನದಿಂದಲೂ ಅವರ ಮೈಗೆ ಅದು ಗೊತ್ತು. ಹಳೆ ಮೈಸೂರಿನವರಿಗೆ, ಮಲೆನಾಡಿನವರಿಗೆ ಬೊಂತೆ ಎಂದರೆ ಥಟ್ಟನೆ ಹೊಳೆಯಬಹುದು. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದಳೆಂದು ಹೇಳುವ 12ನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲಿರುವುದೂ ಇದೇ ಬೊಂತೆ. ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಕಡೆ ರಲ್ಲಿ. ಹೊಲಿಗೆಯ ಚಂದ ಒಂದೊಂದು ಕಡೆ ಒಂದೊಂದು ಬಗೆ. ಹರಿಯುವ ಮೊದಲು ಬಟ್ಟೆಗೆ ಇನ್ನೊಂದು ಬಾಳು ಕೊಡುವುದು ಎಲ್ಲ ಕಡೆಯೂ ಒಂದೇ.

ಹಾಗಾದರೆ ಕ್ವಿಲ್ಟ್ ಎನ್ನುವುದೂ ಇದೇ ಅಲ್ಲವೆ?

ಹತ್ತಿರದ ನೆಂಟರು. ಅಂಗಡಿಯಲ್ಲಿ ಸಿಗುವ ಕ್ವಿಲ್ಟಿನಲ್ಲಿ ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯದೋ ಪಾಲಿಯೆಸ್ಟರಿನದೋ ತುಂಬು ಇರುತ್ತದೆ. ಕೌದಿಗೆ ಬೇರೆ ತುಂಬು ಬೇಡ. ಒಳಗಿನ ಹಳೆಯ ಬಟ್ಟೆಯೇ ಅದರ ತುಂಬು. ಹಾಗಾಗಿ ಬೆಂಗಳೂರಿನ ಹವೆಗೆ ಇದು ಹೇಳಿ ಮಾಡಿಸಿದಂತಿದೆ. ಡಿಸೆಂಬರಿನ ನಸುಕಿನ ಚಳಿಗೆ ಐದು ಪದರ ಸಾಕು, ಫೆಬ್ರುವರಿಯಲ್ಲಿ ಹೊದ್ದರೂ ಬೆವರುವುದಿಲ್ಲ.

ಹೆಂಗಸರು ಕೂಡಿ ಹೊಲಿಯುವ ಪದ್ಧತಿ ಹೊರದೇಶಗಳಲ್ಲಿಯೂ ಇದೆ. ಅಮೆರಿಕದ ಹಳ್ಳಿಗಳಲ್ಲಿ ನೆರೆಹೊರೆಯವರು ಒಂದು ಕಡೆ ಸೇರಿ ಒಂದೇ ದಿನದಲ್ಲಿ ಹೊದಿಕೆ ಮುಗಿಸುತ್ತಿದ್ದರು. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಮಹಿಳೆಯರು ಸವೆದ ಕೆಲಸದ ಬಟ್ಟೆಗಳನ್ನು ಕತ್ತರಿಸಿ ಹೊಲಿದ ಕ್ವಿಲ್ಟುಗಳು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಲ್ಲಿನ ಅಂಚೆಚೀಟಿಯ ಮೇಲೂ ಬಂದವು. ಅವುಗಳ ಚಿತ್ರ ನೋಡಿದಾಗಲೆಲ್ಲ ನನಗೆ ನವಲಗುಂದದ ನಮ್ಮ ಅಜ್ಜಿಯ ಮನೆಯ ಗಳುವಿನ ಮೇಲೆ ಮಡಚಿ ಹಾಕಿರುತ್ತಿದ್ದ ಕೌದಿಗಳೇ ಕಣ್ಣಿಗೆ ಕಟ್ಟುತ್ತವೆ.

ನನಗೆ ಗುಂಡಿ ಹಾಕುವುದು ಬಿಟ್ಟರೆ ಹೊಲಿಗೆ ಬರುವುದಿಲ್ಲ. ಬರಬಹುದೆ?

ಖಂಡಿತ ಬನ್ನಿ. ಗುಂಡಿ ಹಾಕಲು ಬಂದರೆ ಸೂಜಿಗೆ ದಾರ ಪೋಣಿಸುವುದು ಬರುತ್ತದೆ, ಗಂಟು ಹಾಕುವುದು ಬರುತ್ತದೆ. ಇನ್ನು ಕಲಿಯಬೇಕಾದದ್ದು ಒಂದೇ: ಸೂಜಿ ಒಳಗೆ, ಸೂಜಿ ಹೊರಗೆ, ಮುಂದಕ್ಕೆ. ಇದೇ ಓಟದ ಹೊಲಿಗೆ. ಮೊದಲ ಅರ್ಧ ಗಂಟೆ ಕೈ ಬಿಗಿ ಹಿಡಿಯುತ್ತದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸೂಜಿಯ ಮೇಲೆ ಒಮ್ಮೆಗೆ ಮೂರು ನಾಲ್ಕು ಹೊಲಿಗೆ ಕೂಡಿಸಿಕೊಂಡು ಎಳೆಯುವುದು ತಾನಾಗಿ ಬರುತ್ತದೆ. ಬಲಗೈ ಹೊಲಿಯುವಾಗ ಎಡಗೈ ಕೌದಿಯ ಅಡಿಯಲ್ಲಿರಬೇಕು. ಸೂಜಿಯ ಮೊನೆ ಕೆಳಗಿನ ಪದರ ದಾಟಿ ಬೆರಳ ತುದಿಗೆ ಸೋಕಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ಆ ಸೋಕುವಿಕೆ ಸಿಕ್ಕಿತೆಂದರೆ ಎಲ್ಲ ಪದರಗಳೂ ಸಿಕ್ಕಿವೆ ಎಂದರ್ಥ. ಮೊದಲ ದಿನ ಬೆರಳಿಗೆ ನಾಲ್ಕಾರು ಬಾರಿ ಚುಚ್ಚಿಕೊಳ್ಳುತ್ತೀರಿ. ಅಂಗುಸ್ತಾನ, ಅಂದರೆ ಬೆರಳಿಗೆ ತೊಡುವ ಲೋಹದ ಟೋಪಿ, ಹಾಕಿಕೊಂಡರೆ ಸೂಜಿ ತಳ್ಳುವ ಬಲಗೈ ಬೆರಳು ಉಳಿಯುತ್ತದೆ, ಆದರೆ ಎಡಗೈ ಬೆರಳಿಗೆ ಬೇಡ. ಅದಕ್ಕೆ ಮೊನೆ ತಿಳಿಯಬೇಕು.

ಎಷ್ಟು ಜನ ಬೇಕು? ನಿಜಕ್ಕೂ ಒಂದೇ ದಿನದಲ್ಲಿ ಮುಗಿಯುತ್ತದೆಯೆ?

ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಕೌದಿ. ಸಾಲಿನಿಂದ ಸಾಲಿಗೆ ಎರಡು ಬೆರಳು, ಅಂದರೆ ಸುಮಾರು ಒಂದೂವರೆ ಅಂಗುಲ. ಹಾಗಾದರೆ 36 ಸಾಲು, ಸಾಲಿಗೆ ಆರು ಅಡಿಯಂತೆ 216 ಅಡಿ ಹೊಲಿಗೆ. ಕೈ ಪಳಗಿದವರಿಗೆ ಒಂದು ಸಾಲಿಗೆ ಇಪ್ಪತ್ತು ನಿಮಿಷ, ಹೊಸಬರಿಗೆ ನಲವತ್ತು. ಸರಾಸರಿ ಅರ್ಧ ಗಂಟೆ ಎಂದಿಟ್ಟುಕೊಂಡರೂ ಒಬ್ಬರೇ ಕೂತರೆ ಹದಿನೆಂಟು ಗಂಟೆ, ಆರು ಮಂದಿ ಕೂತರೆ ಮೂರು ಗಂಟೆ. ಅದರ ಮುಂದೆ ಬಟ್ಟೆ ಆರಿಸುವುದು, ಹಾಸುವುದು, ತೇಪೆ ಜೋಡಿಸುವುದು, ಅದರ ಹಿಂದೆ ಅಂಚು, ಮೂಲೆ. ನಡುವೆ ಊಟ, ಚಹಾ, ಮಾತು. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಕೂತರೆ ಸಂಜೆ ಆರಕ್ಕೆ ಮುಗಿಯುತ್ತದೆ.

ಆರು ಮಂದಿಗಿಂತ ಹೆಚ್ಚಾದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಒಂದು ವರ್ಷ ಹನ್ನೊಂದು ಜನ ಬಂದಿದ್ದರು. ಐದು ಜನ ಗೋಡೆಗೆ ಒರಗಿ ಕೂತು ಹೋದರು. ಅದು ನನಗೆ ಇಂದಿಗೂ ಕೊರೆಯುತ್ತದೆ. ಅಂದಿನಿಂದ ಆರು ದಾಟಿದರೆ ಎರಡನೆಯದೊಂದು ಕೌದಿ, ತೊಟ್ಟಿಲಿಗೆ ಆಗುವಷ್ಟು ಚಿಕ್ಕದು, ಪಕ್ಕದಲ್ಲೇ ಹಾಸುತ್ತೇವೆ.

ಯಾವ ಬಟ್ಟೆ ತರಬೇಕು?

ಚೆನ್ನಾಗಿ ಉಟ್ಟು ಒಗೆದು ಮೆತ್ತಗಾದ ಹತ್ತಿ. ಸೀರೆ, ಪಂಚೆ, ಲುಂಗಿ, ಹಾಸಿಗೆಯ ಮೇಲುಹೊದಿಕೆ, ಸವೆದ ಹತ್ತಿ ಅಂಗಿಯ ಬೆನ್ನು. ಹೊಸ ಬಟ್ಟೆ ಬೇಡ. ಗಂಜಿಯ ಬಿರುಸಿಗೆ ಸೂಜಿ ಇಳಿಯುವುದಿಲ್ಲ, ಒಗೆದ ಮೇಲೆ ಅದೊಂದೇ ಕುಗ್ಗಿ ಉಳಿದ ಪದರಗಳನ್ನು ಸುಕ್ಕುಗಟ್ಟಿಸುತ್ತದೆ. ಸಿಂಥೆಟಿಕ್ ಬೇಡವೇ ಬೇಡ. ನುಣುಪಾಗಿ ಜಾರುತ್ತದೆ, ಗಾಳಿ ಆಡುವುದಿಲ್ಲ, ಹೊದ್ದವರ ಬೆನ್ನು ಒದ್ದೆಯಾಗುತ್ತದೆ. ಜರಿ ಸೀರೆಯ ಅಂಚು ಚರ್ಮಕ್ಕೆ ಚುಚ್ಚುತ್ತದೆ, ಒಡಲು ಮಡಿಕೆಯಲ್ಲಿ ಸೀಳುತ್ತದೆ. ಆದರೆ ಖಣ ಇದ್ದರೆ ತನ್ನಿ. ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಕುಪ್ಪಸ ಹೊಲಿಸಿ ಮಿಕ್ಕ ತುಂಡುಗಳನ್ನು ಕೌದಿಯ ಮೂಲೆಗೆ ಇಟ್ಟರೆ ಇಡೀ ಕೌದಿಗೆ ಕಳೆ ಬರುತ್ತದೆ.

ಬಟ್ಟೆ ಹದವಾಗಿದೆಯೇ ಎಂದು ನೋಡುವುದು ಹೀಗೆ: ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ಪರ್ ಎಂದು ಸೀಳಿದರೆ ಅದರ ಆಯಸ್ಸು ಮುಗಿದಿದೆ. ಅದನ್ನು ಒಳಪದರಕ್ಕೆ ಹಾಕಬಹುದು, ಮೇಲ್ಪದರಕ್ಕೆ ಬೇಡ.

ಬಣ್ಣ ಬಿಡುವ ಸೀರೆಯನ್ನು ಏನು ಮಾಡುವುದು?

ಹಸಿ ಮಾಡಿದ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿ ನೆನೆಸಿ, ನೀರು ತಿಳಿಯಾಗುವ ತನಕ ಜಾಲಿಸಿ ತನ್ನಿ. ನಾವು ಎರಡನೆಯ ವರ್ಷ ಈ ಪರೀಕ್ಷೆ ಮಾಡದೆ ಒಂದು ಇಳಕಲ್ ಸೀರೆಯ ಕೆಂಪು ಸೆರಗನ್ನು ಬಿಳಿ ಪಂಚೆಯ ಪಕ್ಕಕ್ಕೇ ಹೊಲಿದುಬಿಟ್ಟೆವು. ಮೊದಲ ಒಗೆತಕ್ಕೆ ಪಂಚೆಯ ಅರ್ಧ ಭಾಗ ಗುಲಾಬಿಯಾಯಿತು. ಆ ಪಂಚೆ ನನ್ನ ಗೆಳತಿಯ ತಂದೆಯದು. ಅವಳು ಒಂದು ಮಾತೂ ಆಡಲಿಲ್ಲ, ಆದರೆ ಆ ಕೌದಿಯನ್ನು ಮಡಚಿಕೊಳ್ಳುವಾಗ ಅವಳ ಮುಖ ನನಗೆ ನೆನಪಿದೆ. ದಯವಿಟ್ಟು ಮನೆಯಲ್ಲೇ ಉಜ್ಜಿ ನೋಡಿ ಬನ್ನಿ.

ತೀರಿಹೋದ ಅಮ್ಮನ ಸೀರೆ ಇದೆ. ಕೌದಿಗೆ ಸೇರಿಸಬೇಕೆಂಬ ಆಸೆ, ಕತ್ತರಿ ಹಾಕಲು ಕೈ ಬರುವುದಿಲ್ಲ. ಏನು ಮಾಡಲಿ?

ಇದನ್ನು ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಾರೆ, ದನಿ ತಗ್ಗಿಸಿ ಕೇಳುತ್ತಾರೆ. ಕತ್ತರಿಸಬೇಡಿ. ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಪ್ರತಿ ಮಡಿಕೆಯೂ ಸುಮಾರು ಆರು ಅಡಿ ಆಗುತ್ತದೆ. ಒಂದು ಇಡೀ ಸೀರೆ, ಕತ್ತರಿ ಸೋಕದೆ, ಕೌದಿಯ ಒಳಗಿನ ಮೂರು ಪದರವಾಗಿ ಕೂರುತ್ತದೆ. ಮೇಲೊಂದು ಕೆಳಗೊಂದು ಬೇರೆ ಬಟ್ಟೆ ಬಂದರೆ ಐದು ಪದರ. ಸೀರೆಯ ಪನ್ನ, ಅಂದರೆ ಅಗಲ, ಮೂರೂಮುಕ್ಕಾಲು ಅಡಿ. ಕೌದಿ ಅದಕ್ಕಿಂತ ಅಗಲವಿದ್ದರೆ ಎರಡು ಬದಿಗೂ ಪಂಚೆಯ ಪಟ್ಟಿ ಇಟ್ಟು ಸರಿದೂಗಿಸುತ್ತೇವೆ.

ಗದಗಿನ ನನ್ನ ಗೆಳತಿ ತಂದದ್ದು ಗಿಳಿಹಸಿರು ಒಡಲಿನ, ಮಾಸಲು ಕೆಂಪು ಅಂಚಿನ ಹತ್ತಿ ಸೀರೆ. ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ. ಸೊಂಟಕ್ಕೆ ಸಿಕ್ಕಿಸುವ ಜಾಗದಲ್ಲಿ ಬಣ್ಣ ಸವೆದು ಬಿಳಿಚಿತ್ತು. ಸೆರಗಿನ ಒಂದು ಮೂಲೆ ಗಂಟು ಕಟ್ಟಿ ಕಟ್ಟಿ ಬಿಚ್ಚಿದ್ದರಿಂದ ನೆರಿಗೆ ಹಿಡಿದೇ ಉಳಿದಿತ್ತು. ಅವಳ ತಾಯಿ ಬಸ್ಸಿನ ಚಿಲ್ಲರೆ ಕಟ್ಟಿಕೊಳ್ಳುತ್ತಿದ್ದ ಮೂಲೆ ಅದು. ಅಂಚಿನ ಹತ್ತಿರ ಎಲ್ಲಿಯೋ ಮೊಳೆ ತಾಗಿ ಹರಿದದ್ದನ್ನು ಆಕೆಯೇ ಹೊಲಿದುಕೊಂಡಿದ್ದರು. ಸೀರೆಗೆ ಹೊಂದದ ನೀಲಿ ದಾರ, ಆದರೆ ಒಂದೊಂದು ಹೊಲಿಗೆಯೂ ಅಕ್ಕಿಕಾಳಿಗಿಂತ ಚಿಕ್ಕದು. ಆ ನೀಲಿ ಹೊಲಿಗೆಯನ್ನು ಒಳಗೆ ಮುಚ್ಚುವುದು ಬೇಡ ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳಿದೆವು. ಸೀರೆಯನ್ನು ಹಾಗೇ ಮಡಚಿ ಒಳಗಿಟ್ಟು, ಮೇಲ್ಪದರದ ಬಟ್ಟೆಯಲ್ಲಿ ಅಂಗೈ ಅಗಲದ ಕಿಟಕಿ ಕತ್ತರಿಸಿ, ಅದರ ಅಂಚನ್ನು ಒಳಮಡಚಿ ಸುತ್ತ ಹೊಲಿದೆವು. ಈಗ ಆ ಕೌದಿಯ ಒಂದು ಮೂಲೆಯಲ್ಲಿ ಕಿಟಕಿಯೊಳಗಿಂದ ಆ ತಾಯಿಯ ಕೈಯ ಹೊಲಿಗೆ ಕಾಣುತ್ತದೆ. ಅದರ ಮೇಲೆ ನಮ್ಮ ಯಾರ ಸೂಜಿಯೂ ಹಾಯ್ದಿಲ್ಲ.

ನಾಳೆ ಮನಸ್ಸು ಬದಲಾದರೆ? ಓಟದ ಹೊಲಿಗೆ ಬಿಚ್ಚುವುದು ಸುಲಭ. ಇಡೀ ಸೀರೆ ಸಣ್ಣ ಸಣ್ಣ ತೂತುಗಳೊಂದಿಗೆ ಮರಳಿ ಸಿಗುತ್ತದೆ, ಎರಡು ಒಗೆತಕ್ಕೆ ಆ ತೂತುಗಳೂ ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ.

ದಾರ, ಸೂಜಿ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತವೆ?

ನಿಮ್ಮ ಬಡಾವಣೆಯ ಮ್ಯಾಚಿಂಗ್ ಸೆಂಟರಿನಲ್ಲೇ ಸಿಗುತ್ತವೆ, ಅಷ್ಟು ಸಾಕು. ಚೌಕಾಸಿ, ಆಯ್ಕೆ ಎರಡೂ ಬೇಕೆಂದರೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಪೇಟೆಯ ಓಣಿಗಳಲ್ಲಿ ನಡೆಯಿರಿ, ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆಯೂ ಹೋಗಿ ಬನ್ನಿ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ವಾರದ ದಿನವೇ ಹೋಗಿ. ಕಸೂತಿಗೆ ಬಳಸುವ ಆರೆಳೆಯ ಹತ್ತಿ ದಾರದ ಲಡಿ ಎಂಟು ಮೀಟರ್ ಇರುತ್ತದೆ. ಮೂರೆಳೆ ಬಿಡಿಸಿಕೊಂಡು ಹೊಲಿದರೆ ಒಂದು ಲಡಿಗೆ ಹದಿನಾರು ಮೀಟರ್ ದಾರ. ಮೇಲೆ ಹೇಳಿದ ಅಳತೆಯ ಕೌದಿಗೆ, ಅಂಚೂ ಸೇರಿ, ಏಳು ಲಡಿ ತಂದರೆ ಕೊರತೆಯಾಗುವುದಿಲ್ಲ. ಸೂಜಿಯ ನಂಬರು ಹೆಚ್ಚಾದಂತೆ ಸೂಜಿ ಸಣ್ಣದಾಗುತ್ತದೆ ಎಂಬುದು ನೆನಪಿರಲಿ. ಅಂಗಡಿಯವರಿಗೆ ಐದು ಪದರ ಹೊಲಿಯಬೇಕು ಎಂದು ಹೇಳಿ ಗಟ್ಟಿಯದನ್ನೇ ಕೇಳಿ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ.

ದಾರವನ್ನು ಬೆರಳ ತುದಿಯಿಂದ ಭುಜದವರೆಗೆ ಅಳೆದು ಕತ್ತರಿಸಿ. ಅದಕ್ಕಿಂತ ಉದ್ದವಾದರೆ ಪ್ರತಿ ಎಳೆತಕ್ಕೂ ಸಿಕ್ಕಾಗುತ್ತದೆ. ಜೇನುಮೇಣದ ತುಂಡಿದ್ದರೆ ಒಮ್ಮೆ ದಾರಕ್ಕೆ ಎಳೆದುಕೊಳ್ಳಿ.

ಹಾಸುವುದು ಹೇಗೆ? ಹೊಲಿಗೆ ಎಲ್ಲಿಂದ ಶುರು?

ಕೌದಿಯ ಅರ್ಧ ಗುಣ ಹಾಸುವುದರಲ್ಲಿದೆ. ಇಲ್ಲಿ ಆತುರಪಟ್ಟರೆ ಸಂಜೆ ನಡುವೆ ಗುಬ್ಬಿಯಷ್ಟು ಸುಕ್ಕು ಎದ್ದು ನಿಲ್ಲುತ್ತದೆ, ಆಮೇಲೆ ಏನು ಮಾಡಿದರೂ ಕೂರುವುದಿಲ್ಲ. ನೆಲ ಒರೆಸಿ ಪೂರ್ತಿ ಒಣಗಲಿ. ಕೆಳಪದರವನ್ನು ಒಳಮೈ ಮೇಲೆ ಬರುವಂತೆ ಹಾಸಿ, ನಾಲ್ಕು ಮೂಲೆಗೂ ಭಾರ ಇಡಿ. ನಾವು ಇಡುವುದು ತಾಮ್ರದ ಚೊಂಬು ಎರಡು, ಹಳೆಯ ನಿಘಂಟಿನ ಎರಡು ಸಂಪುಟ. ಒಂದೊಂದು ಪದರ ಹಾಸಿದಾಗಲೂ ಅಂಗೈಯನ್ನು ನಡುವಿನಿಂದ ಹೊರಕ್ಕೆ ಸವರುತ್ತ ಬನ್ನಿ. ರೊಟ್ಟಿ ಬಡಿದು ಅಭ್ಯಾಸವಿದ್ದವರಿಗೆ ಈ ಕೈ ಚೆನ್ನಾಗಿ ಬರುತ್ತದೆ.

ಎಲ್ಲ ಪದರ ಕೂತ ಮೇಲೆ ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಅದಕ್ಕೆ ಬೇರೆ ಬಣ್ಣದ ದಾರವಿರಲಿ, ಕಡೆಗೆ ತೆಗೆಯುವಾಗ ಕಣ್ಣಿಗೆ ಬೀಳುತ್ತದೆ. ಆಮೇಲೆ ಇಬ್ಬರು ಕೌದಿಯ ಮೇಲೆಯೇ, ನಡುಗೆರೆಯ ಆಚೆ ಈಚೆ ಕೂತು ಶುರು ಮಾಡುತ್ತಾರೆ. ಸಾಲು ಮುಗಿದಂತೆ ಹಿಂದಕ್ಕೆ ಸರಿಯುತ್ತ ಅಂಚಿನತ್ತ ಬರುತ್ತಾರೆ. ಉಳಿದವರು ಅಷ್ಟರಲ್ಲಿ ಮೂಲೆಯ ತುಂಡು, ಅಂಚಿನ ಪಟ್ಟಿ ಸಿದ್ಧ ಮಾಡುತ್ತಾರೆ. ನಡುಭಾಗ ಹಿಡಿತಕ್ಕೆ ಬಂದ ಮೇಲೆ ಎಲ್ಲರೂ ಸುತ್ತ ಕೂರಬಹುದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕ್ರಮ ಇದಕ್ಕೆ ಸಂಪೂರ್ಣ ವಿರುದ್ಧ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ತಮ್ಮ ಕವಂದಿಯನ್ನು (ಕೌದಿಗೆ ಅವರು ಹೇಳುವ ಹೆಸರು) ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತು ಬರುತ್ತ, ತುಂಡಿನ ಮೇಲೆ ತುಂಡು ಸೇರಿಸುತ್ತ ನಡುವಿಗೆ ಮುಟ್ಟಿಸುತ್ತಾರೆ. ಹೊಲಿಗೆಯ ಸಾಲು ಚೌಕಾಕಾರದ ಸುರುಳಿಯಾಗಿ ಕಾಣುತ್ತದೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಅದಕ್ಕೆ ಅವರು ಫೂಲ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈ. ಬಣ್ಣ ಜೋಡಿಸುವುದರಲ್ಲಿ ಅವರ ಧೈರ್ಯ ನೋಡಿಯೇ ನಾನು ತಿಳಿ ಬಣ್ಣದ ಪಕ್ಕ ತಿಳಿ ಬಣ್ಣ ಇಡುವುದನ್ನು ಬಿಟ್ಟೆ.

ಮೆಷಿನ್ನಿನಲ್ಲಿ ಹೊಲಿದರೆ ಬೇಗ ಆಗುತ್ತದಲ್ಲವೆ?

ತುಂಡುಗಳನ್ನು ಒಂದಕ್ಕೊಂದು ಜೋಡಿಸಲು ಮೆಷಿನ್ ಬಳಸಿ, ನಮ್ಮ ಆಕ್ಷೇಪವಿಲ್ಲ. ಪದರ ಹಿಡಿಸುವ ಸಾಲುಗಳನ್ನು ಮಾತ್ರ ಕೈಯಲ್ಲೇ ಹೊಲಿಯೋಣ. ಮನೆಯ ಮೆಷಿನ್ನಿನ ಪಾದದ ಕೆಳಗೆ ಐದು ಪದರ ಸಲೀಸಾಗಿ ಹಾಯುವುದಿಲ್ಲ, ಮೇಲಿನದು ಮುಂದೆ ಓಡಿ ಕೆಳಗಿನದು ಹಿಂದೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಮೆಷಿನ್ನಿನ ಮುಂದೆ ಕೂರಲು ಒಬ್ಬರಿಗೆ ಮಾತ್ರ ಜಾಗ. ಅದರ ಸದ್ದಿನಲ್ಲಿ ಉಳಿದ ಐವರ ಮಾತು ಕೇಳುವುದಿಲ್ಲ.

ನನ್ನ ಹೊಲಿಗೆ ಸೊಟ್ಟ. ನೀವು ಆಮೇಲೆ ಬಿಚ್ಚಿ ಸರಿ ಮಾಡುತ್ತೀರಾ?

ಇಲ್ಲ. ನಮ್ಮಲ್ಲಿ ಇರುವ ಒಂದೇ ಕಟ್ಟುನಿಟ್ಟು ಇದು: ಒಬ್ಬರು ಹಾಕಿದ ಹೊಲಿಗೆಯನ್ನು ಇನ್ನೊಬ್ಬರು ಬಿಚ್ಚುವಂತಿಲ್ಲ.

ಕೌದಿ ಮುಗಿದ ಮೇಲೆ ಹಿಂಬದಿಯನ್ನು ತಿರುಗಿಸಿ ನೋಡಿ. ಮೇಲಿನ ಬಣ್ಣಗಳ ಗದ್ದಲ ಅಲ್ಲಿಲ್ಲ, ಬರಿಯ ಹೊಲಿಗೆಯ ಸಾಲು. ಯಾರು ಎಲ್ಲಿ ಕೂತಿದ್ದರು ಎಂದು ನಾನು ಕಣ್ಣು ಮುಚ್ಚಿ ಬೆರಳಾಡಿಸಿ ಹೇಳಬಲ್ಲೆ. ಶಾಲೆಯಲ್ಲಿ ಗಣಿತ ಕಲಿಸುವವಳ ಸಾಲು ಅಳತೆಪಟ್ಟಿ ಇಟ್ಟು ಎಳೆದಂತಿರುತ್ತದೆ. ಕೊಪ್ಪಳದವಳ ಹೊಲಿಗೆ ಚಿಕ್ಕದು, ಬಿಗಿ, ಬಟ್ಟೆ ಅಲ್ಲಿ ಸ್ವಲ್ಪ ಉಬ್ಬುತ್ತದೆ. ನನ್ನದು ಮಾತಿಗೆ ತಕ್ಕಂತೆ ಉದ್ದವಾಗಿ ಗಿಡ್ಡವಾಗಿ ಹರಿಯುತ್ತದೆ. ಕಳೆದ ವರ್ಷ ಮೊದಲ ಬಾರಿ ಬಂದ ಹುಡುಗಿಯದು ಬಲಕ್ಕೆ ವಾಲುತ್ತ ಹೋಗಿ ಪಕ್ಕದ ಸಾಲನ್ನು ಮುಟ್ಟುವಷ್ಟು ಹತ್ತಿರ ಬಂದು, ಅಲ್ಲಿಂದ ಗಾಬರಿಯಾಗಿ ಎಡಕ್ಕೆ ತಿರುಗಿದೆ. ಅದನ್ನು ಬಿಚ್ಚಿ ನೇರ ಮಾಡಿದ್ದರೆ ಅವಳು ಆ ದಿನ ನಮ್ಮೊಂದಿಗೆ ಕೂತಿದ್ದಳು ಎಂಬುದಕ್ಕೆ ಆ ಕೌದಿಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಒಂದು ವಿನಾಯಿತಿ ಇದೆ. ಹೊಲಿಗೆ ಕಾಲುಂಗುರ ಸಿಕ್ಕಿಕೊಳ್ಳುವಷ್ಟು ಉದ್ದವಿದ್ದರೆ ಹಾಕಿದವರೇ ಬಿಚ್ಚಿ ಮತ್ತೆ ಹಾಕುತ್ತಾರೆ. ನಿದ್ದೆಯಲ್ಲಿ ಕಾಲು ಎಳೆದಾಗ ದಾರ ಕಿತ್ತು ಬಂದರೆ ಇಡೀ ಸಾಲು ಸಡಿಲವಾಗುತ್ತದೆ.

ಮಕ್ಕಳನ್ನು ಕರೆತರಬಹುದೆ?

ಎಂಟು ವರ್ಷ ದಾಟಿದವರು ಕೂತು ಹೊಲಿಯಬಹುದು. ಅದಕ್ಕಿಂತ ಚಿಕ್ಕವರಿಗೆ ತುಂಡುಗಳನ್ನು ಬಣ್ಣದಂತೆ ವಿಂಗಡಿಸುವ ಕೆಲಸ ಕೊಡುತ್ತೇವೆ, ಅವರು ಜೋಡಿಸಿದ ಹಾಗೆಯೇ ಎಷ್ಟೋ ಸಲ ಹೊಲಿದಿದ್ದೇವೆ. ತೆವಳುವ ಕೂಸಿದ್ದರೆ ದಯವಿಟ್ಟು ಬೇಡ.

ಕಾರಣ ಹೇಳುತ್ತೇನೆ. ಬೆಳಗ್ಗೆ ಸೂಜಿಗಳನ್ನು ಎಣಿಸಿ ಹಂಚುತ್ತೇವೆ, ಸಂಜೆ ಎಣಿಸಿ ಮರಳಿ ಪಡೆಯುತ್ತೇವೆ. ಒಂದು ವರ್ಷ ಹದಿನಾಲ್ಕು ಕೊಟ್ಟಿದ್ದೆ, ಹದಿಮೂರು ಬಂದವು. ಆ ಕೌದಿ ಮೂರು ತಿಂಗಳ ಮಗುವಿಗೆ ಹೋಗಬೇಕಿತ್ತು. ದೀಪ ಹಾಕಿ ಆರು ಜನ ಕೌದಿಯ ಒಂದೊಂದು ಭಾಗ ಹಂಚಿಕೊಂಡು ಅಂಗೈಯಿಂದ ಒತ್ತಿ ಒತ್ತಿ ನೋಡಿದೆವು. ಸಿಗಲಿಲ್ಲ. ಮಹಡಿಯ ಮನೆಯ ಹುಡುಗ ಹಾಳಾದ ಸ್ಪೀಕರಿನ ಅಯಸ್ಕಾಂತ ತಂದು ಸವರಿದ. ಎಡಮೂಲೆಯ ಖಣದ ಮಡಿಕೆಯ ಹತ್ತಿರ ಬಟ್ಟೆ ತುಸು ಎದ್ದಿತು. ಮೂರನೆಯ ಪದರದಲ್ಲಿ ಅಡ್ಡಲಾಗಿ ಮಲಗಿತ್ತು ಸೂಜಿ. ಅಂದಿನಿಂದ ಅಯಸ್ಕಾಂತ ನಮ್ಮ ಹೊಲಿಗೆ ಡಬ್ಬಿಯಲ್ಲೇ ಇದೆ. ನಿಮ್ಮ ಮನೆಯಲ್ಲಿ ಇಂಥ ದಿನ ಮಾಡಿದರೆ ಬೇರೆ ಏನು ಮರೆತರೂ ಸೂಜಿ ಎಣಿಸುವುದನ್ನು ಮರೆಯಬೇಡಿ.

ಗಂಡಸರು ಬರಬಹುದೆ?

ಹೊಲಿಯಲು ಬಂದರೆ ಬರಬಹುದು.

ಊಟಕ್ಕೆ ಏನು?

ಒಬ್ಬೊಬ್ಬರು ಒಂದೊಂದು ತರುತ್ತಾರೆ. ಅರಿಶಿನ ಬಿದ್ದದ್ದು ಬೇಡ: ಚಿತ್ರಾನ್ನದ ಒಂದು ಅಗುಳು ಪಂಚೆಯ ಮೇಲೆ ಬಿದ್ದರೆ ಕಲೆ ಹೋಗುವುದು ಬಲು ಕಷ್ಟ. ಮೊಸರನ್ನ, ಅಕ್ಕಿರೊಟ್ಟಿ, ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೋಸಂಬರಿ ಒಳ್ಳೆಯವು. ಪರಿಷೆಯಿಂದ ತಂದ ಹಸಿ ಕಡಲೆಕಾಯಿ ಬೇಯಿಸಿಟ್ಟಿರುತ್ತೇನೆ, ಅದನ್ನು ಬಾಲ್ಕನಿಯಲ್ಲೇ ತಿನ್ನಬೇಕು. ತಿಂದ ಮೇಲೆ ಕಡಲೆಹಿಟ್ಟಿನಲ್ಲಿ ಕೈ ತೊಳೆದು ಒರೆಸಿಕೊಂಡು ಬನ್ನಿ. ಹೊಲಿಯುತ್ತ ಚಹಾ ಕುಡಿಯುವಂತಿಲ್ಲ. ಗಂಟೆಗೊಮ್ಮೆ ಎಲ್ಲರೂ ಎದ್ದು ಸೊಂಟ ನೇರ ಮಾಡಬೇಕು, ಚಹಾ ಆಗಲೇ.

ಮುಗಿದ ಕೌದಿ ಯಾರಿಗೆ ಸೇರುತ್ತದೆ?

ಹೊಲಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಆ ವರ್ಷ ಯಾರ ಮನೆಯಲ್ಲಿ ಕೂಸು ಹುಟ್ಟುವುದಿದೆಯೋ, ಯಾರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾರೋ, ಯಾರ ಮಗಳು ಓದಲು ದೂರದ ಊರಿಗೆ ಹೊರಟಿದ್ದಾಳೋ ಅವರಿಗೆ. ಅಂಥವರು ಯಾರೂ ಇಲ್ಲದಿದ್ದರೆ ಸರದಿಯ ಮೇಲೆ. ಕಡೆಗೆ ಚೀಟಿ ಎತ್ತಿ ಕೊಡೋಣ ಎಂದು ಕೆಲವರು ಸೂಚಿಸಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಯಾರ ಮೈ ಬೆಚ್ಚಗಾಗಬೇಕು ಎಂದು ಗೊತ್ತಿದ್ದು ಹೊಲಿಯುವಾಗ ಬಟ್ಟೆಯ ಆಯ್ಕೆಯೇ ಬೇರೆಯಾಗುತ್ತದೆ. ಕೂಸಿಗಾದರೆ ಗಂಟುಗಳನ್ನೆಲ್ಲ ಪದರದೊಳಗೆ ಎಳೆದು ಮುಚ್ಚುತ್ತೇವೆ, ಮೈಗೆ ಒತ್ತಬಾರದೆಂದು. ವಯಸ್ಸಾದವರಿಗೆ ನಾಲ್ಕೇ ಪದರ, ಹಗುರವಾಗಿರಲಿ ಎಂದು.

ಮಾರುತ್ತೀರಾ?

ನಾವು ಮಾರುವುದಿಲ್ಲ. ಕೊಳ್ಳಬೇಕೆಂದಿದ್ದರೆ ಉತ್ತರ ಕರ್ನಾಟಕದ ಹೆಂಗಸರು ಹೊಲಿದದ್ದನ್ನು ಕರಕುಶಲ ಮೇಳಗಳಲ್ಲಿ ಕೇಳಿ ಕೊಳ್ಳಿ. ಬೆಲೆ ಹೆಚ್ಚಾಯಿತು ಎನ್ನಿಸಿದಾಗ ಮೇಲಿನ ಹದಿನೆಂಟು ಗಂಟೆಯ ಲೆಕ್ಕವನ್ನು ನೆನೆಸಿಕೊಳ್ಳಿ. ಆ ಲೆಕ್ಕದಲ್ಲಿ ಹಾಸುವ ಹೊತ್ತು ಸೇರಿಲ್ಲ. ಹಳೆಯ ಬಟ್ಟೆಗೆ ಇಷ್ಟೇಕೆ ಎಂದು ಹೊಲಿದವರ ಎದುರೇ ಕೇಳುವವರನ್ನು ಕಂಡಿದ್ದೇನೆ, ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಂಜೆಗೆ ಮುಗಿಯದಿದ್ದರೆ?

ಉಳಿದದ್ದು ಸಾಮಾನ್ಯವಾಗಿ ಅಂಚು ಮಾತ್ರ. ಕೌದಿಯನ್ನು ಚೀಲಕ್ಕೆ ತುಂಬಿ ಒಬ್ಬರು ಕೊಂಡೊಯ್ಯುತ್ತಾರೆ, ಒಂದು ಬದಿ ಮುಗಿಸಿ ಇನ್ನೊಬ್ಬರಿಗೆ ತಲುಪಿಸುತ್ತಾರೆ. ಒಂದು ಕೌದಿ ಹೀಗೆ ಮಲ್ಲೇಶ್ವರ, ವಿಜಯನಗರ, ಜಯನಗರ ಸುತ್ತಿ ಸಂಕ್ರಾಂತಿಯ ಹೊತ್ತಿಗೆ ನಮ್ಮ ಮನೆಗೆ ಮರಳಿತು, ಎಳ್ಳು ಬೀರಲು ಬಂದವರ ಕೈಯಲ್ಲಿ.

ಒಗೆಯುವುದು ಹೇಗೆ?

ತಣ್ಣೀರು, ಸೌಮ್ಯವಾದ ಸೋಪು, ಅರ್ಧ ಗಂಟೆ ನೆನೆ. ಉಜ್ಜಬೇಡಿ, ಕಾಲಿನಿಂದ ಮೆಲ್ಲಗೆ ತುಳಿಯಿರಿ. ಹಿಂಡಲು ಇಬ್ಬರು ಬೇಕು, ಒಬ್ಬರು ಆ ತುದಿ, ಒಬ್ಬರು ಈ ತುದಿ. ತಾರಸಿಯ ಮೇಲೆ ಹಿಂಬದಿ ಮೇಲಾಗಿ ಹರಡಿ, ಬಣ್ಣ ಮಾಸುವುದಿಲ್ಲ. ನಮ್ಮ ದಿನವನ್ನು ಚಳಿಗಾಲಕ್ಕೆ ಇಟ್ಟುಕೊಂಡಿರುವುದೂ ಇದಕ್ಕೇ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಐದು ಪದರ ಒಣಗದೆ ಮುಗ್ಗುಲು ವಾಸನೆ ಹಿಡಿಯುತ್ತದೆ. ಹೊರಗೆ ಕೊಟ್ಟು ಒಗೆಸಬೇಡಿ. ನಾನೊಮ್ಮೆ ಕೈನೋವಿದೆ ಎಂದು ಒಂದು ಲಾಂಡ್ರಿಗೆ ಕೊಟ್ಟೆ. ಬಿಸಿನೀರಿಗೆ ಹಾಕಿದ್ದರು, ಒಂದು ಕಡೆ ನಾಲ್ಕು ಬೆರಳು ಕುಗ್ಗಿ ಬಂತು.

ವರ್ಷಕ್ಕೆ ಮೂರು ನಾಲ್ಕು ಒಗೆತ ಸಾಕು, ನಡುವೆ ಬಿಸಿಲಿಗೆ ಹಾಕುತ್ತಿರಿ. ಎಲ್ಲಾದರೂ ಹರಿದರೆ ಅದರ ಮೇಲೆಯೇ ಹೊಸ ತೇಪೆ ಹಾಕಿ. ಹಾಗೆ ತೇಪೆ ಬಿದ್ದು ದಪ್ಪವಾದ ಕೌದಿಗಳನ್ನೇ ನಾನು ಹೆಚ್ಚು ಇಷ್ಟಪಡುತ್ತೇನೆ.

ಬರುವಾಗ ಏನೇನು ತರಬೇಕು?

ಒಗೆದು ಒಣಗಿಸಿದ ಹತ್ತಿ ಬಟ್ಟೆ, ಬಣ್ಣ ಬಿಡುವುದಿಲ್ಲ ಎಂದು ಪರೀಕ್ಷಿಸಿದ್ದು. ಓದುವ ಕನ್ನಡಕ. ನೆಲದ ಮೇಲೆ ಕೂರಲು ಆಗದಿದ್ದರೆ ಮೊದಲೇ ಹೇಳಿ, ಅಂಚಿನ ಕೆಲಸವನ್ನು ಕುರ್ಚಿಯಲ್ಲಿ ಕೂತು ಮಾಡುವಂತೆ ನಿಮಗೆಂದೇ ತೆಗೆದಿಡುತ್ತೇವೆ. ಆ ಬಟ್ಟೆ ಯಾರದು, ಯಾವಾಗ ಉಟ್ಟದ್ದು ಎಂದು ಮನೆಯವರನ್ನು ಕೇಳಿಕೊಂಡು ಬನ್ನಿ, ಹಾಸುವಾಗ ಎಲ್ಲರೂ ಕೇಳುತ್ತಾರೆ. ಸೂಜಿ ಮಾತ್ರ ತರಬೇಡಿ, ನಮ್ಮ ಎಣಿಕೆ ತಪ್ಪುತ್ತದೆ.